ಕೆಳಮೂಲೆಯ ಥೈಮ್

ಯೂಲಾಲಿ ರೊಮೇನ್ ಈಸ್ಟರ್ ಕಳೆದ ಮಂಗಳವಾರ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡಳು. ಆರೋಗ್ಯ ಕೇಂದ್ರದ ಡಾಕ್ಟರು ಬಂದು ನೋಡಿ, ಹೃದಯ ಮೊದಲೇ ಸೋತಿತ್ತು, ಬೆಂಕಿಯ ಹೊಗೆ ಕುಡಿದದ್ದನ್ನು ತಡೆದುಕೊಳ್ಳಲಿಲ್ಲ ಎಂದರು. ಗುಡ್ಡದ ಮೇಲೆ ಕೆಲವರು ಬೇರೆ ಕಾರಣ ಹೇಳುತ್ತಾರೆ. ಶುಭ ಶುಕ್ರವಾರದ ದಿನ ನೆಲಕ್ಕೆ ಕಬ್ಬಿಣ ಇಳಿಸಿದಳು, ಅದಕ್ಕೇ ಹೋದಳು ಎನ್ನುತ್ತಾರೆ. ಶುಕ್ರವಾರದಿಂದ ಸೋಮವಾರ ಸಂಜೆಯವರೆಗೆ ನಾನು ಅವಳ ಜೊತೆಗಿದ್ದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ. ಯಾರ ಮಾತನ್ನೂ ಸುಳ್ಳು ಮಾಡಲು ಅಲ್ಲ.

ಅವಳು ಈ ಪರಾಮಿನ್ ಗುಡ್ಡದಲ್ಲೇ ಹುಟ್ಟಿದವಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಹೆತ್ತ ಮಕ್ಕಳಿರಲಿಲ್ಲ, ಆದರೆ ಗುಡ್ಡದ ಅರ್ಧ ಮಕ್ಕಳನ್ನು ಜ್ಞಾನಸ್ನಾನದ ಹೊತ್ತಿನಲ್ಲಿ ಎತ್ತಿಕೊಂಡು ನಿಂತವಳು ಅವಳೇ. ಹಾಗೆ ಎತ್ತಿಕೊಂಡವಳನ್ನು, ಅಂದರೆ ಧರ್ಮತಾಯಿಯನ್ನು, ಮಕ್ಕಳು ನೆನೆನ್ ಎಂದು ಕರೆಯುತ್ತಾರೆ. ಗುಡ್ಡದಲ್ಲಿ 'ನೆನೆನ್' ಎಂದು ಒಬ್ಬರು ಕೂಗಿದರೆ ಯೂಲಾಲಿ ಎಲ್ಲಿದ್ದರೂ ತಿರುಗಿ ನೋಡುತ್ತಿದ್ದಳು. ಇಗರ್ಜಿಯಲ್ಲಿ ಜಪಸರ ಹೇಳಿಸುವವಳೂ ಅವಳೇ. ಒರಟು ದನಿ. ಬೈದರೆ ಕಣಿವೆಯ ಆಚೆ ಬದಿಗೆ ಕೇಳಿಸುತ್ತಿತ್ತು.

ನಾನು ಇಲ್ಲಿನ ಶಾಲೆಗೆ ಟೀಚರಾಗಿ ಪಟ್ಟಣದಿಂದ ಬಂದ ಹೊಸತರಲ್ಲಿ ಅವಳನ್ನು ಊಟಕ್ಕೆ ಕರೆದಿದ್ದೆ. ಎರಡು ತುತ್ತು ತಿಂದು ಚಮಚ ಕೆಳಗಿಟ್ಟಳು.

"ಟೀಚರ್, ಇದು ಕೋಳಿ ಸಾರಾ, ಇಲ್ಲಾ ಕೋಳಿಗೆ ಸ್ನಾನ ಮಾಡ್ಸಿದ ನೀರಾ?"

ಮರುದಿನ ಬೆಳಿಗ್ಗೆ ಹಾಲಿನ ಪುಡಿಯ ಡಬ್ಬದಲ್ಲಿ ಒಂದು ಥೈಮ್ ಗಿಡ ನನ್ನ ಮೆಟ್ಟಿಲ ಮೇಲಿತ್ತು. ನಮ್ಮ ಸ್ನೇಹ ಶುರುವಾದದ್ದು ಹಾಗೆ. ಮದುವೆಯಾಗಿ ನಾನೂ ಇಲ್ಲೇ ಉಳಿದೆ. ನನ್ನ ಕೂದಲು ಬೆಳ್ಳಗಾದರೂ ಅವಳ ಬಾಯಲ್ಲಿ ನನ್ನ ಹೆಸರು ಟೀಚರ್ ಎಂದೇ ಇತ್ತು.

ಥೈಮ್ ಮೊಣಕಾಲೆತ್ತರಕ್ಕೂ ಬಾರದ ಗಿಡ. ಎಲೆ ಎಳ್ಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬೆರಳಲ್ಲಿ ಉಜ್ಜಿದರೆ ಓಮದ ಕಾಳಿನ ಘಾಟು. ಇಲ್ಲಿಯವರು ದೊಡ್ಡಪತ್ರೆಯನ್ನೂ ಥೈಮ್ ಎಂದೇ ಕರೆಯುತ್ತಾರೆ. ಯೂಲಾಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. "ಅದು ಕೆಮ್ಮಿಗೆ, ಇದು ಮಡಕೆಗೆ" ಎನ್ನುತ್ತಿದ್ದಳು. ಈ ಗುಡ್ಡದಲ್ಲಿ ಮೀನಿಗಾಗಲಿ ಮಾಂಸಕ್ಕಾಗಲಿ ಈರುಳ್ಳಿ ಸೊಪ್ಪಿನ ಜೊತೆ ಥೈಮ್ ಅರೆದು ಹಚ್ಚದೆ ಒಲೆ ಹತ್ತಿಸುವುದಿಲ್ಲ. ಎಲ್ಲ ಅಡುಗೆಮನೆಯ ಹಿಂದೆಯೂ ಒಂದು ಪಾತಿ ಇರುತ್ತಿತ್ತು. ಪಟ್ಟಣದ ಮಾರುಕಟ್ಟೆಗೂ ಥೈಮ್ ಹೋಗುತ್ತಿದ್ದದ್ದು ಇಲ್ಲಿಂದಲೇ.

ಕಳೆದ ಮಳೆಗಾಲ ಆ ಪಾತಿಗಳನ್ನೆಲ್ಲ ತಿಂದು ಹಾಕಿತು. ಥೈಮಿಗೆ ಬುಡದಲ್ಲಿ ನೀರು ನಿಲ್ಲಬಾರದು. ವಾರಗಟ್ಟಲೆ ಮಳೆ ಬಿಡಲೇ ಇಲ್ಲ. ಬೇರು ಕೊಳೆತು ಒಂದರ ಹಿಂದೆ ಒಂದು ಮನೆಯ ಗಿಡ ಕಪ್ಪಾಯಿತು. ಉಳಿದದ್ದು ಯೂಲಾಲಿಯ ಪಾತಿ ಮಾತ್ರ. ಅವಳ ಮನೆ ಗುಡ್ಡದ ಅಂಚಿನಲ್ಲಿ ಇಳಿಜಾರಿಗೆ ಜೋತುಬಿದ್ದ ಹಾಗಿತ್ತು. ಪಾತಿ ಅಡುಗೆಮನೆಯ ಕೆಳಗೆ, ಕಲ್ಲು ಪೇರಿಸಿದ ಕಟ್ಟೆಯ ಮೇಲೆ. ಬಿದ್ದ ನೀರು ಬಿದ್ದ ಹಾಗೇ ಹರಿದು ಕೊರಕಲು ಸೇರುತ್ತಿತ್ತು. ಆ ಕ್ರಿಸ್‌ಮಸ್‌ಗೆ ಪರಾಮಿನ್‌ನವರು ಪಟ್ಟಣದ ಮಾರುಕಟ್ಟೆಯಲ್ಲಿ ಯಾವುದೋ ಊರಿನ ಥೈಮ್ ಕೊಂಡು ತಂದರು.

"ನೆನೆನ್, ಮಾರುಕಟ್ಟೆ ಹೆಂಗಸು ನನ್ನ ಮುಖ ನೋಡಿ ನಕ್ಕಳು" ಎಂದು ಜೊಸೆಟ್ ಬಂದು ಹೇಳಿದಳು. ಜೊಸೆಟ್ ಗುಡ್ಡದ ಮೇಲೆ ಕೆಳಗೆ ಜೀಪು ಓಡಿಸುವವಳು, ಯೂಲಾಲಿ ಎತ್ತಿಕೊಂಡ ಮಕ್ಕಳಲ್ಲಿ ಒಬ್ಬಳು. "ಪರಾಮಿನ್‌ನವರು ಥೈಮ್ ಕೊಳ್ಳೋದಾ? ಮೀನು ಬಂದು ನೀರು ಕೇಳಿದ ಹಾಗಾಯ್ತಲ್ಲ ಅಂದಳು."

"ನೀನೇನಂದೆ?"

"ತೂಕ ಸರಿಯಾಗಿ ಹಾಕೇ ಅಂದೆ. ಇನ್ನೇನ್ ಅನ್ನಲಿ?"

ಯೂಲಾಲಿ ನಗಲಿಲ್ಲ. ಆ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿದಳು: "ಈಸ್ಟರ್ ಆಗಿ ಮೊದಲ ಮಳೆ ಬೀಳ್ಲಿ. ಒಂದೊಂದು ಮನೆಗೂ ಒಂದೊಂದು ಮರಿ ಕೊಡ್ತೀನಿ. ಇನ್ನು ಮೇಲೆ ಈ ಗುಡ್ಡದೋರು ಥೈಮ್‌ಗೆ ಇನ್ನೊಬ್ಬರ ಮುಂದೆ ಕೈ ಚಾಚಬಾರದು."

ಮರಿ ಮಾಡುವ ಬಗೆ ಸುಲಭ, ಕಾಯುವುದು ಕಷ್ಟ. ಗಿಡದ ಹೊರಗಿನ ಕೊಂಬೆಯನ್ನು ಬಾಗಿಸಿ, ನಡುವನ್ನು ಮಣ್ಣಿನಲ್ಲಿ ಹುದುಗಿಸಿ, ಏಳದ ಹಾಗೆ ಕಲ್ಲು ಹೇರಬೇಕು. ಕೊಂಬೆ ತಾಯಿಯಿಂದ ಹಾಲು ಕುಡಿಯುತ್ತಲೇ ತನ್ನದೇ ಬೇರು ಬಿಡುತ್ತದೆ. ಆ ಎಳೆ ಬೇರು ಬೇಸಿಗೆ ತಡೆಯುವುದಿಲ್ಲ. ಅದಕ್ಕೆ ಒಣಹುಲ್ಲಿನ ದಪ್ಪ ಹೊದಿಕೆ ಹೊದಿಸುತ್ತಾರೆ. ಹುಲ್ಲು ಬಿಸಿಲನ್ನು ತಡೆದು, ಇರುಳಿನ ಇಬ್ಬನಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಯೂಲಾಲಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಪೂರ್ತಿ ಅಕ್ಕಿ ತೊಳೆದ ನೀರನ್ನು ಲೋಟದಲ್ಲಿ ಹಿಡಿದು ಮರಿಗಳಿಗೆ ಗುಟುಕು ಗುಟುಕಾಗಿ ಕೊಟ್ಟಳು. ಪಾತಿಯ ಕೆಳಗಿನ ಇಳಿಜಾರಿನಲ್ಲಿ ಎದೆಯೆತ್ತರ ಬೆಳೆದ ಹುಲ್ಲನ್ನು ಮಾತ್ರ ಕೊಯ್ಯದೆ ಬಿಟ್ಟಿದ್ದಳು. ಈಸ್ಟರ್ ಆದ ಮೇಲೆ ಹೊಸ ಹೊದಿಕೆಗೆ ಬೇಕಾಗುತ್ತದೆ ಎಂದು. ಇಲ್ಲಿ ಎಲ್ಲರೂ ಹಾಗೇ ಬಿಡುತ್ತಾರೆ.

ಶುಭ ಶುಕ್ರವಾರ ಈ ಗುಡ್ಡದಲ್ಲಿ ಯಾರೂ ನೆಲಕ್ಕೆ ಕಬ್ಬಿಣ ತಾಗಿಸುವುದಿಲ್ಲ. ಅಗೆಯುವುದಿಲ್ಲ, ಕಡಿಯುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಆ ದಿನ ನೆಲವೇ ಶಿಲುಬೆಯ ಮೇಲಿರುವ ಮೈ, ಇರಿದರೆ ರಕ್ತ ಬರುತ್ತದೆ ಎನ್ನುತ್ತಾರೆ. ಈ ಕಟ್ಟಳೆಯನ್ನು ಯೂಲಾಲಿಯಷ್ಟು ಬಿಗಿಯಾಗಿ ಕಾದವರಿಲ್ಲ. ಜೊಸೆಟ್ ಹುಡುಗಿಯಾಗಿದ್ದಾಗ ಆ ದಿನ ಲಂಗದ ಅಂಚು ಹೊಲಿಯಲು ಕೂತಳೆಂದು, ಸೂಜಿಯೂ ಕಬ್ಬಿಣವೇ ಎಂದು ಕೈಯಿಂದ ಕಿತ್ತುಕೊಂಡು ಕಪಾಳಕ್ಕೆ ಬಾರಿಸಿದ್ದಳು. ಜೊಸೆಟ್‌ನ ಅಪ್ಪ ಆನ್ಸೆಲ್ಮ್‌ಗೆ ಇದು ಬರೀ ಮಾತಲ್ಲ. ಅವನ ತಂದೆ ಒಂದು ಶುಭ ಶುಕ್ರವಾರ ಕತ್ತೆ ಕಟ್ಟಲು ಕಬ್ಬಿಣದ ಗೂಟ ಹೊಡೆದ. ವರ್ಷ ತಿರುಗುವುದರೊಳಗೆ ಹಾಸಿಗೆ ಹಿಡಿದು ಸತ್ತ. ಆನ್ಸೆಲ್ಮ್ ಆಗ ಚಿಕ್ಕವನು, ಆ ಗೂಟಕ್ಕೆ ಹಗ್ಗ ಹಿಡಿದುಕೊಂಡು ನಿಂತಿದ್ದವನು.

ಈ ಸಲದ ಶುಭ ಶುಕ್ರವಾರ, ಯೇಸುವಿನ ಕೊನೆಯ ನಡಿಗೆಯ ಹದಿನಾಲ್ಕು ಸ್ಥಳಗಳಲ್ಲಿ ನಿಂತು ಪ್ರಾರ್ಥಿಸುವ ಶಿಲುಬೆಯ ಹಾದಿಯ ಮೆರವಣಿಗೆ ಮಧ್ಯಾಹ್ನ ಕೆಳಗಿನ ತಿರುವಿನಿಂದ ಹೊರಟಿತು. ಮುಂದೆ ಶಿಲುಬೆ ಹೊತ್ತ ಗಂಡಸರು, ಹಿಂದೆ ಹೊಸ ಪಾದ್ರಿ, ಅವರ ಪಕ್ಕದಲ್ಲಿ ಪ್ರಾರ್ಥನೆ ಹೇಳಿಸುತ್ತಾ ಯೂಲಾಲಿ. ವಾರವಿಡೀ ಸುತ್ತಲಿನ ಗುಡ್ಡಗಳು ಹೊಗೆಯಾಡುತ್ತಿದ್ದವು. ಎಲ್ಲರ ಗಂಟಲೂ ಒಣಗಿತ್ತು. ಯೇಸು ಎರಡನೇ ಸಲ ಬೀಳುವ ಸ್ಥಳದಲ್ಲಿ ನಾವು ಮೊಣಕಾಲೂರಿದ್ದೆವು. ಅದು ಯೂಲಾಲಿಯ ಮನೆಯ ಸ್ವಲ್ಪ ಮೇಲಿನ ರಸ್ತೆ. ಅವಳು ಪ್ರಾರ್ಥನೆಯ ಅರ್ಧ ಸಾಲು ಹೇಳಿ ನಿಲ್ಲಿಸಿದಳು. ಉಳಿದರ್ಧ ಹೇಳಲಿಲ್ಲ. ತಲೆಯೆತ್ತಿದೆ. ಕೊರಕಲಿನಿಂದ ಹೊಗೆ ಏಳುತ್ತಿತ್ತು. ಬಿಳಿ ಹೊಗೆಯಲ್ಲ, ಹಸಿ ಹುಲ್ಲೂ ಒಣ ಹುಲ್ಲೂ ಕೂಡಿ ಉರಿಯುವಾಗಿನ ಕಂದು ಹೊಗೆ. ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು.

"ನನ್ನ ಮರಿಗಳು" ಎಂದಳು. ಮನೆ ಎನ್ನಲಿಲ್ಲ. ಲಂಗ ಎತ್ತಿ ಕಟ್ಟಿ ಇಳಿಯತೊಡಗಿದಳು.

ಅರ್ಧ ಮೆರವಣಿಗೆ ಅವಳ ಹಿಂದೆ ಇಳಿಯಿತು. ನಾವು ಅಂಗಳ ಮುಟ್ಟುವಾಗ ಬೆಂಕಿ ಕೊರಕಲಿನ ಬಿದಿರು ಮೆಳೆಗೆ ಹತ್ತಿ, ಗೆಣ್ಣುಗಳು ಗುಂಡು ಹೊಡೆದ ಹಾಗೆ ಸಿಡಿಯುತ್ತಿದ್ದವು. ಅಲ್ಲಿಂದ ಪಾತಿಯವರೆಗೆ ನಿಂತದ್ದು ಒಣಹುಲ್ಲು ಮಾತ್ರ. ಪಾತಿಯ ಒಳಗೂ ಒಣಹುಲ್ಲೇ. ತಿಂಗಳುಗಟ್ಟಲೆ ಮರಿಗಳನ್ನು ಬದುಕಿಸಿದ್ದ ಹೊದಿಕೆ ಈಗ ಅವುಗಳ ಮೇಲೆ ಕವುಚಿದ ಸೌದೆಯಾಗಿತ್ತು.

ನಲ್ಲಿಗೆ ನೀರು ಬಾರದೆ ದಿನಗಳಾಗಿದ್ದವು. ಬೆಂಕಿ ತಡೆಯಬೇಕಾದರೆ ನಡುವಿನ ಹುಲ್ಲನ್ನು ಅಡ್ಡಪಟ್ಟಿಯಾಗಿ ಕಡಿದು, ನೆಲ ಕೆರೆದು ಬರಿದು ಮಾಡಬೇಕು. ಅದು ಎಲ್ಲರಿಗೂ ಗೊತ್ತು. ಮಚ್ಚು, ಗುದ್ದಲಿ ಅಲ್ಲೇ, ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ಒರಗಿಸಿದ್ದವು. ಯಾರೂ ಆ ಕಡೆ ನೋಡಲಿಲ್ಲ.

"ಸೊಪ್ಪಿನ ಕೊಂಬೆ ಮುರೀರಿ, ಬಡೀರಿ!" ಎಂದು ಆನ್ಸೆಲ್ಮ್ ಕೂಗಿದ. "ಪಾತಿ ಹುಲ್ಲು ಕೈಯಲ್ಲಿ ಕೀಳೋಣ. ಕೈಯಲ್ಲೇ!"

ಪಾದ್ರಿ ಮೇಲುಸಿರು ಬಿಡುತ್ತಾ ಇಳಿದು ಬಂದರು. "ಕಡೀರಪ್ಪಾ! ಇದು ಪಾಪ ಅಲ್ಲ. ಯಾವ ಶಾಸ್ತ್ರದಲ್ಲೂ ಹಾಗೆ ಬರೆದಿಲ್ಲ."

"ಬರೆದಿಲ್ಲ ಫಾದರ್" ಎಂದ ಆನ್ಸೆಲ್ಮ್, ಆಗಲೇ ಮೊಣಕಾಲೂರಿ ಹುಲ್ಲು ಕೀಳುತ್ತಾ. "ಬೆಂಕಿ ಸುಡುತ್ತೆ ಅಂತಾನೂ ಎಲ್ಲೂ ಬರೆದಿಲ್ಲ. ಸ್ವಲ್ಪ ಆ ಕಡೆ ಸರೀರಿ, ಗಿಡ ತುಳೀತಿದೀರಿ."

ಆ ಹುಲ್ಲಿನ ಅಂಚು ಬ್ಲೇಡಿನಂಥದು. ಎರಡು ಹಿಡಿ ಕೀಳುವುದರೊಳಗೆ ಎಲ್ಲರ ಅಂಗೈಯೂ ಕೆಂಪಾಯಿತು. ಪಾತಿಯ ಹೊದಿಕೆ ಬೇಗ ಬರುತ್ತಿತ್ತು. ಇಳಿಜಾರಿನ ಬೇರೂರಿದ ಹುಲ್ಲು ಬರುತ್ತಿರಲಿಲ್ಲ. ಕೆಳಗೆ ಸೊಪ್ಪು ಹಿಡಿದು ಬಡಿಯಲು ಹೋದ ಗಂಡಸರು ಹುಬ್ಬು ಸುಟ್ಟುಕೊಂಡು ಹಿಂದೆ ಬಂದರು.

ಯೂಲಾಲಿ ಪಾತಿಯ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ರಸ್ತೆಯಲ್ಲಿ ಬಿಟ್ಟ ಅರ್ಧ ಸಾಲನ್ನು ಮುಗಿಸುತ್ತಿದ್ದಳೋ ಏನೋ. ಆಮೇಲೆ ಮನೆಯ ಅಡಿಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಗುದ್ದಲಿ ಇತ್ತು.

ಕೀಳುತ್ತಿದ್ದ ಕೈಗಳೆಲ್ಲ ನಿಂತವು.

"ಮಾಕೊಮೇರ್!" ಆನ್ಸೆಲ್ಮ್‌ನ ದನಿ ಒಡೆಯಿತು. ಮಗಳನ್ನು ಎತ್ತಿಕೊಂಡವಳಾದ್ದರಿಂದ ಅವನು ಅವಳನ್ನು ಮಾಕೊಮೇರ್ ಎನ್ನುತ್ತಿದ್ದ, ಅವಳು ಅವನನ್ನು ಕೊಂಪೇರ್ ಎನ್ನುತ್ತಿದ್ದಳು. "ಮಾಕೊಮೇರ್, ಬೇಡ. ಗಿಡ ಹೋದ್ರೆ ಹೋಗ್ಲಿ. ನಿನ್ನ ಕಾಲಿಗೆ ಬೀಳ್ತೀನಿ."

"ಹುಲ್ಲು ಕೀಳು ಕೊಂಪೇರ್. ಕಾಲಿಗೆ ಆಮೇಲೆ ಬೀಳೂವಂತೆ."

ಜೊಸೆಟ್ ಓಡಿಬಂದು ಗುದ್ದಲಿಗೆ ಕೈ ಹಾಕಿದಳು. "ಕೊಡಿ ನೆನೆನ್. ನಿಮ್ಮಿಂದಾಗಲ್ಲ."

"ಬಿಡು. ನಿಂಗೆ ಸಣ್ಣ ಮಕ್ಕಳಿದಾವೆ."

ಮಚ್ಚು ನನಗೆ ಕೊಡು ಎಂದು ನಾನು ಕೈ ಚಾಚಿದೆ. "ನಾನು ಇದನ್ನೆಲ್ಲ ನಂಬಲ್ಲ ಅಂತ ನಿಂಗೇ ಗೊತ್ತಲ್ಲ ಯೂಲಾ."

"ನಂಗೆ ಗೊತ್ತು ಟೀಚರ್. ನೀನು ನಂಬಲ್ಲ ಅಂತ ನೆಲಕ್ಕೆ ಗೊತ್ತಾ?"

ಆಮೇಲೆ ಎಲ್ಲರಿಗೂ ಕೇಳುವಂತೆ, ಜಪಸರ ಹೇಳಿಸುವ ಅದೇ ದನಿಯಲ್ಲಿ ಕೂಗಿದಳು: "ಇದು ನನ್ನ ನೆಲ, ನನ್ನ ಕೈ. ಇನ್ಯಾರೂ ಮುಟ್ಟಕೂಡದು. ಮುಟ್ಟಿದೋರ ಮುಖ ನೋಡಲ್ಲ!"

ಇಳಿಜಾರಿಗೆ ಇಳಿದಳು. ಮೊದಲ ಏಟು ಬಿದ್ದಾಗ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಅವಳು ಹುಲ್ಲನ್ನು ಬುಡಕ್ಕೇ ಕಡಿದು, ಕಡಿದದ್ದನ್ನು ಕಾಲಿನಿಂದ ಬೆಂಕಿಯ ಕಡೆಗೇ ಒದ್ದು, ಗುದ್ದಲಿಯಿಂದ ನೆಲ ಕೆರೆಯುತ್ತಾ ಅಡ್ಡಕ್ಕೆ ಸರಿದಳು. ಅರವತ್ತು ದಾಟಿದ ಹೆಂಗಸು. ನೂರು ಜನ ನಿಂತಿದ್ದರೂ ಕಡಿಯುವ ಸದ್ದು ಒಂದೇ. ಮೇಲೆ ಪಾತಿಯಲ್ಲಿ ಆನ್ಸೆಲ್ಮ್ ತಲೆಯೆತ್ತದೆ ಹುಲ್ಲು ಕೀಳುತ್ತಿದ್ದ. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು, ಬೆವರೋ ಅಳುವೋ ತಿಳಿಯಲಿಲ್ಲ.

ಪಟ್ಟಿ ಮುಗಿಯಲು ಸ್ವಲ್ಪವೇ ಉಳಿದಿತ್ತು. ಹೊಗೆ ಗಪ್ಪನೆ ಕವಿದು ಒಬ್ಬರಿಗೊಬ್ಬರು ಕಾಣದಾಯಿತು. ನಾನು ಅವಳ ಕೆಮ್ಮು ಕೇಳಿದ ಕಡೆಗೆ ಇಳಿದೆ. ಅಷ್ಟರಲ್ಲಿ ಉರಿಯುವ ಹುಲ್ಲಿನ ಸಿಂಬಿಯೊಂದು ಗಾಳಿಯಲ್ಲಿ ಹಾರಿ ಬಂದು ಪಾತಿಯ ಕೆಳಮೂಲೆಗೆ ಬಿತ್ತು. ಆ ಮೂಲೆಯ ಹೊದಿಕೆ ಇನ್ನೂ ಕಿತ್ತಿರಲಿಲ್ಲ. ಒಂದು ಉಸಿರಿಗೆ ಉರಿ ಎದ್ದಿತು. ಯೂಲಾಲಿ ತಿರುಗಿದಳು, ನೋಡಿದಳು. ಗುದ್ದಲಿ ಎತ್ತಿ ಆ ಮೂಲೆಗೇ ಹಾಕಿದಳು. ಒಂದೇ ಏಟು. ಉರಿಯುವ ಹುಲ್ಲನ್ನೂ ಅದರಡಿಯ ಮಣ್ಣನ್ನೂ ಒಟ್ಟಿಗೆ ಎಳೆದು ಕೆಳಕ್ಕೆ ಉರುಳಿಸಿದಳು. ಅದನ್ನು ಕಂಡವಳು ನಾನೊಬ್ಬಳೇ.

ಬೆಂಕಿ ಪಟ್ಟಿಯವರೆಗೆ ಬಂದು, ಅಲ್ಲಿ ತಿನ್ನಲು ಏನೂ ಸಿಗದೆ ಎರಡು ಸೀಳಾಗಿ, ಬದಿಯ ಬಂಡೆಗಳ ಕಡೆಗೆ ಹೋಗಿ ಸತ್ತಿತು. ಪಾತಿ ಉಳಿಯಿತು. ಮನೆಯೂ ಉಳಿಯಿತು. ಯೂಲಾಲಿ ಕಟ್ಟೆಯ ಕಲ್ಲಿಗೆ ಒರಗಿ ಕೂತು ಬಹಳ ಹೊತ್ತು ಕೆಮ್ಮಿದಳು. ಜನ ಬಂದು ಅವಳನ್ನು ಮುಟ್ಟಲಿಲ್ಲ. ಗದರುವಂತೆಯೂ ಇರಲಿಲ್ಲ, ಹೊಗಳುವಂತೆಯೂ ಇರಲಿಲ್ಲ. ಒಬ್ಬೊಬ್ಬರಾಗಿ ರಸ್ತೆಗೆ ಹತ್ತಿ, ಉಳಿದ ಸ್ಥಳಗಳ ಪ್ರಾರ್ಥನೆ ಮುಗಿಸಲು ಹೋದರು. ಆ ದಿನ ಪ್ರಾರ್ಥನೆಯನ್ನು ಬೇರೆಯವರು ಹೇಳಿಸಿದರು.

ಶನಿವಾರದ ಬಿಸಿಲಿಗೆ ನಿಜವಾದ ಅಪಾಯ ಗೊತ್ತಾಯಿತು. ಹೊದಿಕೆ ಇಲ್ಲದ ಪಾತಿ ಒಲೆಯ ಮೇಲಿನ ಹೆಂಚಿನಂತೆ ಕಾದಿತ್ತು. ಮತ್ತೆ ಹೊದಿಸೋಣವೆಂದರೆ ಸುತ್ತಲ ಗುಡ್ಡಗಳಲ್ಲಿ ಹುಲ್ಲೇ ಉಳಿದಿರಲಿಲ್ಲ, ಎಲ್ಲ ಬೂದಿ. ನಲ್ಲಿಯಲ್ಲಿ ನೀರಿಲ್ಲ. ಜೊಸೆಟ್ ಜೀಪಿನಲ್ಲಿ ಕೆಳಗಿನಿಂದ ಡ್ರಮ್ಮು ತುಂಬಿ ತಂದಳು. ನೆಲ ಅದನ್ನು ಒಂದೇ ಗುಟುಕಿಗೆ ಕುಡಿಯಿತು. ಮರಿಗಳ ತುದಿ ಬಾಗತೊಡಗಿದ್ದವು.

"ಮಳೆ ಬರೋವರೆಗೆ ಇವು ಇರಲ್ಲ" ಎಂದಳು ಯೂಲಾಲಿ. ಎರಡು ಮಾತಿನ ನಡುವೆ ಉಸಿರು ಎಳೆದುಕೊಳ್ಳಬೇಕಾಗಿತ್ತು. "ಈಗಲೇ ಎತ್ತಿ ಕೊಟ್ಟುಬಿಡಬೇಕು. ಡಬ್ಬದಲ್ಲಿಟ್ಟು, ನೆರಳಲ್ಲಿ. ಒಂದೊಂದು ಮನೆಯೋರು ಒಂದೊಂದಕ್ಕೆ ಪಾತ್ರೆ ತೊಳೆದ ನೀರು ಹಾಕಿದ್ರೂ ಬದುಕ್ತವೆ. ನನ್ನೊಬ್ಬಳಿಂದ ಇಷ್ಟಕ್ಕೂ ಆಗಲ್ಲ."

"ಮೊದಲು ಆಸ್ಪತ್ರೆಗೆ ನಡಿ" ಎಂದೆ.

"ಸೋಮವಾರ ಆಗ್ಲಿ."

"ಈಗಲೇ ನಡಿ. ಜೀಪು ಇಲ್ಲೇ ಇದೆ."

"ಟೀಚರ್, ಕೆಮ್ಮು ಕಾಯುತ್ತೆ. ಮರಿ ಕಾಯಲ್ಲ."

ಭಾನುವಾರ ಪೂಜೆಯಾದ ಮೇಲೆ ಅವಳೇ ಇಗರ್ಜಿಯ ಬಾಗಿಲಲ್ಲಿ ನಿಂತು ಕರೆದಳು: ನಾಳೆ ಬನ್ನಿ, ಡಬ್ಬ ತನ್ನಿ. ಎಲ್ಲರೂ ತಲೆಯಾಡಿಸಿದರು. ಯಾರೂ ಕಣ್ಣಿಗೆ ಕಣ್ಣು ಕೊಡಲಿಲ್ಲ. ಪಾದ್ರಿ ಪ್ರವಚನದಲ್ಲಿ ಅವಳು ಮಾಡಿದ್ದು ಪಾಪವಲ್ಲವೆಂದು ಒತ್ತಿ ಒತ್ತಿ ಹೇಳಿದ್ದರು. ಅದರಿಂದ ಇನ್ನೂ ಕೆಟ್ಟಿತು.

"ಫಾದರ್ ಬಾಯಿ ಮುಚ್ಕೊಂಡಿದ್ರೆ ಅರ್ಧ ಜನ ಮರೀತಿದ್ರು" ಎಂದು ಜೊಸೆಟ್ ನನ್ನ ಕಿವಿಯಲ್ಲಿ ಹೇಳಿದಳು. "ಈಗ ಏನಂತಿದಾರೆ ಗೊತ್ತಾ? ಆ ಗಿಡ ನೆಲದ ರಕ್ತ ಕುಡಿದಿದೆಯಂತೆ. ಅದನ್ನ ತಂದಿಟ್ಟ ಮನೆಯಲ್ಲಿ ಒಂದು ಹೆಣ ಬೀಳುತ್ತಂತೆ."

"ನಿಮ್ಮಪ್ಪ ಏನಂತಾನೆ?"

"ಅಪ್ಪ ಮಾತೇ ಆಡ್ತಿಲ್ಲ. ಶುಕ್ರವಾರದಿಂದ ಕೈಗೆ ಬಟ್ಟೆ ಸುತ್ಕೊಂಡು ಕೂತಿದಾನೆ."

ಸೋಮವಾರ ಬೆಳಿಗ್ಗೆ ಯೂಲಾಲಿ ಅಂಗಳದಲ್ಲಿ ಬೆಂಚು ಹಾಕಿಸಿ ಕೂತಳು. ಕಾದಳು. ಬಿಸಿಲು ಏರಿತು. ಯಾರೂ ಬರಲಿಲ್ಲ. ನಾನು ಮನೆ ಮನೆಗೆ ಹೋದೆ. ಒಬ್ಬಳು ಡಬ್ಬವಿಲ್ಲ ಎಂದಳು, ಅವಳ ಬೆನ್ನ ಹಿಂದೆಯೇ ಡಬ್ಬಗಳ ಸಾಲಿತ್ತು. ಇನ್ನೊಬ್ಬಳು ಅತ್ತೆಯನ್ನು ಕೇಳಬೇಕು ಎಂದಳು. ಅವಳ ಅತ್ತೆ ಸತ್ತದ್ದು ನನಗೆ ಗೊತ್ತಿತ್ತು, ಮಣ್ಣಿಗೆ ನಾನೂ ಹೋಗಿದ್ದೆ. ತಿರುಗಿ ಬಂದು ಏನು ಹೇಳಲಿ ಎಂದು ನಿಂತಿದ್ದಾಗ ಯೂಲಾಲಿಯೇ ಹೇಳಿದಳು:

"ಅವರದ್ದೇನೂ ತಪ್ಪಿಲ್ಲ. ಅವರಿಗೆ ಹೆದರಿಕೆ ಕಲಿಸಿದೋಳು ನಾನೇ."

ಬಿಸಿಲು ಇಳಿಮುಖವಾದಾಗ ಆನ್ಸೆಲ್ಮ್ ಬಂದ. ಕೈಗಳಿಗೆ ಬಟ್ಟೆ ಸುತ್ತಿತ್ತು. ಅವನ ಹಿಂದೆ ಸ್ವಲ್ಪ ದೂರದಲ್ಲಿ ಜೊಸೆಟ್, ಅವಳ ಹಿಂದೆ ಹತ್ತಾರು ಜನ. ಬಂದವರು ಅಂಗಳಕ್ಕೆ ಕಾಲಿಡದೆ ರಸ್ತೆಯ ಬದಿಯಲ್ಲೇ ನಿಂತರು. ಆನ್ಸೆಲ್ಮ್ ಪಾತಿಯ ಹತ್ತಿರ ಹೋಗಿ ಅವರ ಕಡೆ ತಿರುಗಿದ.

"ನೋಡ್ರಪ್ಪಾ. ನಾನು ಎಂಥೋನು ಅಂತ ನಿಮಗೆ ಗೊತ್ತು. ನಮ್ಮಪ್ಪ ಹೆಂಗೆ ಸತ್ತ ಅಂತಾನೂ ಗೊತ್ತು. ಶುಕ್ರವಾರ ನಾನು ಈ ಪಾತಿಯಲ್ಲಿ ಮೊಣಕಾಲೂರಿ ಇದ್ದೆ. ಕಬ್ಬಿಣ ಬಿದ್ದದ್ದು ಅಗೋ ಅಲ್ಲಿ, ಕೆಳಗೆ, ಹುಲ್ಲಿನಲ್ಲಿ. ಪಾತಿ ಒಳಗೆ ಕೈ ಬಿಟ್ರೆ ಬೇರೆ ಏನೂ ಬಂದಿಲ್ಲ." ಬಟ್ಟೆ ಬಿಚ್ಚಿ ಅಂಗೈ ತೋರಿಸಿದ. ಗಾಯಗಳು ಇನ್ನೂ ಒಣಗಿರಲಿಲ್ಲ. "ಈ ಗಿಡ ಯಾವ ರಕ್ತಾನಾದ್ರೂ ಕುಡಿದಿದ್ರೆ ಅದು ನಂದು."

ರಸ್ತೆಯ ಬದಿಯಲ್ಲಿ ಗುಸುಗುಸು ಎದ್ದಿತು. ಒಬ್ಬ ಮುದುಕಿ ಅಂಗಳಕ್ಕೆ ಕಾಲಿಟ್ಟಳು. ಅವಳ ಲಂಗದ ಮರೆಯಲ್ಲಿ ಡಬ್ಬವಿತ್ತು. ಇನ್ನೊಬ್ಬಳೂ ಹೆಜ್ಜೆ ಹಾಕಿದಳು.

ಕೆಳಮೂಲೆಯ ಆ ಏಟು ನನಗೆ ಗೊತ್ತು, ಅವಳಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಸಾಕು, ಮರಿಗಳು ಮನೆ ಸೇರುತ್ತವೆ. ಅವಳ ಕಡೆ ನೋಡಿದೆ. ಬಾಯಿ ತೆರೆಯಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. ಬೆಂಚನ್ನು ಹಿಡಿದು ಎದ್ದಳು.

"ಕೊಂಪೇರ್, ನಿಲ್ಲು. ನೀನು ಕಂಡಿಲ್ಲ. ಕೆಳಮೂಲೆಗೆ ಗುದ್ದಲಿ ಬಿತ್ತು."

ಮುದುಕಿ ಇಟ್ಟ ಹೆಜ್ಜೆಯನ್ನು ಹಿಂದೆಗೆದುಕೊಂಡಳು.

"ಒಂದೇ ಏಟು. ಬೆಂಕಿ ಅಲ್ಲಿಗೆ ಹಾರಿತ್ತು." ಯೂಲಾಲಿ ಒಂದು ಕೋಲು ಊರಿಕೊಂಡು ಪಾತಿಗೆ ಇಳಿದಳು. ಕೋಲಿನ ತುದಿಯಿಂದ ಕೆಳಮೂಲೆಯನ್ನು ಬೇರ್ಪಡಿಸಿ ಗೆರೆ ಎಳೆದಳು. "ಈ ಗೆರೆಯಿಂದ ಕೆಳಗಿರೋದು ನಂದು. ಅದನ್ನ ಯಾರಿಗೂ ಕೊಡಲ್ಲ, ಯಾರೂ ಕೇಳಬೇಡಿ. ಮೇಲಿರೋದಕ್ಕೆ ಕಬ್ಬಿಣ ಸೋಕಿಲ್ಲ. ಅದಕ್ಕೆ ಕೊಂಪೇರ್ ಸಾಕ್ಷಿ ಹೇಳಿದಾನೆ. ನಾನೂ ಹೇಳ್ತೀನಿ. ಇಷ್ಟು ವರ್ಷ ನಿಮ್ಮ ಮಕ್ಕಳನ್ನ ಎತ್ತಿಕೊಂಡು ನಿಂತೋಳು, ಗಿಡದ ವಿಷಯಕ್ಕೆ ಸುಳ್ಳು ಹೇಳ್ತೀನಾ?"

ಯಾರೂ ಕದಲಲಿಲ್ಲ. ಅವಳ ಉಸಿರಿನ ಸೀಟಿ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಆನ್ಸೆಲ್ಮ್ ಆ ಗೆರೆಯನ್ನು ನೋಡುತ್ತಾ ನಿಂತಿದ್ದ. ಅವನು ಆಣೆಯಿಟ್ಟಂತೆ ಹೇಳಿದ್ದ ಮಾತನ್ನು ಅವಳು ಎಲ್ಲರೆದುರಿಗೆ ತಿದ್ದಿದ್ದಳು. ಸಿಟ್ಟಿನಿಂದ ಹೊರಟು ಹೋಗುತ್ತಾನೆ ಎಂದುಕೊಂಡೆ.

"ಚಾಕು ಬೇಡ" ಎಂದ ಕೊನೆಗೆ. "ಉಗುರಲ್ಲಿ ಚಿವುಟಿ ಕೊಡು."

"ಚಾಕು ಯಾರಿಗೆ ಬೇಕು? ಕೂತ್ಕೋ."

ಅವಳು ಮೊದಲ ಕೊಂಬೆಯ ಮೇಲಿನ ಕಲ್ಲು ಸರಿಸಿ, ಬೆರಳಿನಿಂದ ಮಣ್ಣು ಬಿಡಿಸಿದಳು. ನೂಲಿನಂಥ ಬಿಳಿ ಬೇರುಗಳು ಕಂಡವು. ತಾಯಿಗಿಡಕ್ಕೂ ಮರಿಗೂ ನಡುವಿನ ಕಡ್ಡಿಯನ್ನು ಹೆಬ್ಬೆರಳ ಉಗುರಿನಿಂದ ಒತ್ತಿ ಕಡಿದಳು. ಆನ್ಸೆಲ್ಮ್ ಡಬ್ಬ ತಂದಿರಲಿಲ್ಲ. ತಲೆಯ ಟೋಪಿಯನ್ನು ತೆಗೆದು ಒಡ್ಡಿದ.

"ಟೋಪಿಗೆ ನೀರು ಹಾಕ್ತೀಯಾ? ತಲೆಗೆ ಮೊಳಕೆ ಬರುತ್ತೆ ಕೊಂಪೇರ್."

"ಬರ್ಲಿ. ಬೇರೆ ಏನೂ ಬೆಳೀತಿಲ್ಲ ಅಲ್ಲಿ."

ಯಾರೋ ನಕ್ಕರು. ಮುದುಕಿ ಬಂದಳು. ಆಮೇಲೆ ಜನ ಬರುತ್ತಲೇ ಇದ್ದರು. ಡಬ್ಬ, ಬೋಗುಣಿ, ಒಡೆದ ಚಹಾ ಕಪ್ಪು, ಏನು ಸಿಕ್ಕಿತೋ ಅದು. ಯೂಲಾಲಿ ಪಾತಿಯ ನಡುವೆ ಕೂತು ಒಂದೊಂದನ್ನೇ ಚಿವುಟಿ ಕೊಟ್ಟಳು. ನೀರು ಹೆಚ್ಚು ಹಾಕಬೇಡಿ, ಬೆಳಗಿನ ಬಿಸಿಲು ಮಾತ್ರ ತೋರಿಸಿ ಎಂದು ಒಬ್ಬೊಬ್ಬರಿಗೂ ಹೇಳಿದಳು. ಡಬ್ಬವಿಲ್ಲ ಎಂದಿದ್ದವಳು ಎರಡು ಡಬ್ಬ ತಂದಳು. ಯೂಲಾಲಿ ಅವಳನ್ನೊಮ್ಮೆ ನೋಡಿ ಒಂದನ್ನಷ್ಟೇ ತುಂಬಿಸಿದಳು. ಗೆರೆಯ ಕೆಳಗೆ ಯಾರ ಕಾಲೂ ಬೀಳಲಿಲ್ಲ. ಮರಿ ತೆಗೆದುಕೊಂಡವರೂ ಆ ಮೂಲೆಯನ್ನು ಬಳಸಿ ನಡೆದರು. ಹೆದರಿಕೆ ಹೋಗಿರಲಿಲ್ಲ. ನಿಲ್ಲಲು ಅದಕ್ಕೊಂದು ಜಾಗ ಸಿಕ್ಕಿತ್ತು, ಅಷ್ಟೇ.

ಎಲ್ಲ ಹೋದ ಮೇಲೆ ಅವಳನ್ನು ಹಿಡಿದು ಎಬ್ಬಿಸಿ ಅಡುಗೆಮನೆಗೆ ಕರೆತಂದೆ. ಬೆಳಿಗ್ಗೆ ಮೊದಲ ಕೆಲಸ ಆಸ್ಪತ್ರೆ ಎಂದು ಜೊಸೆಟ್ ಗದರಿಸಿ, ಆಯ್ತು ಎಂದು ಬಾಯಿಂದ ಹೇಳಿಸಿಕೊಂಡೇ ಮನೆಗೆ ಹೋದಳು. ಅವಳು ತಂದಿಟ್ಟಿದ್ದ ಮೀನು ಇತ್ತು. ಬಾಳೆಕಾಯಿ ಹಾಕಿ ಸಾರು ಮಾಡಿದೆ. ಕುದಿಯುತ್ತಿದ್ದ ಹಾಗೆ ಥೈಮ್ ತರಲೆಂದು ಬಾಗಿಲಿಗೆ ಹೊರಟೆ.

"ನೀನು ಕೂತ್ಕೋ, ನಾನೇ ತರ್ತೀನಿ" ಎಂದಳು.

ಗೋಡೆ ಹಿಡಿದು ಇಳಿದಳು. ಕಿಟಕಿಯಿಂದ ನೋಡುತ್ತಿದ್ದೆ. ಗೆರೆ ದಾಟಿದಳು. ಕೆಳಮೂಲೆಯಲ್ಲಿ, ಗುದ್ದಲಿ ಬಿದ್ದ ಗುಂಡಿಯ ಅಂಚಿಗೆ ಒಂದು ಗಿಡ ಅರ್ಧ ಸುಟ್ಟು ಅರ್ಧ ಹಸಿರಾಗಿ ನಿಂತಿತ್ತು. ಬಗ್ಗಿ ಅದರ ಹಸಿರು ತುದಿಯನ್ನು ಚಿವುಟಿದಳು. ಒಳಗೆ ಬಂದು, ಮಡಕೆಗೆ ಹಾಕದೆ, ತನ್ನ ಬಟ್ಟಲಿಗೆ ಸಾರು ಬಡಿಸಿಕೊಂಡು ಅದರ ಮೇಲೆ ಉಜ್ಜಿ ಉದುರಿಸಿದಳು. ಅಡುಗೆಮನೆ ತುಂಬ ಓಮದ ಘಾಟು ಹರಡಿತು.

ನಾನೂ ನನ್ನ ಬಟ್ಟಲನ್ನು ಮುಂದೆ ಚಾಚಿದೆ. "ನಂಗೂ ಹಾಕು."

"ನಿನ್ನದು ಸಪ್ಪೆಯಾಗೇ ಇರ್ಲಿ ಟೀಚರ್. ನಿಂಗೆ ಅಭ್ಯಾಸ ಇದೆ."

"ಯೂಲಾ, ನಿಂಗೆ ಹೆದರಿಕೆ ಇದ್ರೆ ನೀನೂ ತಿನ್ನಬೇಡ. ಎಸೆದು ಬಿಡು."

"ಹೆದರಿಕೆ ಇದೆ" ಎಂದಳು. "ಬೆಳೆಸಿದೋಳು ನಾನು, ಕಬ್ಬಿಣ ಹಾಕಿದೋಳೂ ನಾನೇ. ಎಸೆಯೋದೆಲ್ಲಿಗೆ?"

ಶಿಲುಬೆಯ ಗುರುತು ಹಾಕಿಕೊಂಡಳು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ನಡುವೆ ಎರಡು ಸಲ ಉಸಿರಿಗೆಂದು ನಿಲ್ಲಿಸಿ, ತಳದಲ್ಲಿ ಅಂಟಿದ ಎಲೆಗಳನ್ನೂ ಬೆರಳಿನಿಂದ ಬಳಿದು, ಪೂರ್ತಿ ಕುಡಿದಳು.